ಉಪೇಕ್ಷಿತ ವ್ರಣ

ದೇಹಕ್ಕೆ ಬಂದೊದಗುವ ವ್ಯಾಧಿಗಳಲ್ಲಿ ಕೆಲವು ಬಾಗಿಲು ತಟ್ಟಿ ಬರುತ್ತವೆ; ಕೆಲವು ಕನ್ನವಿಕ್ಕಿ ಒಳಹೊಗುತ್ತವೆ. ಚರ್ಮದಡಿಯ ಕೊಬ್ಬನ್ನೂ ಮಾಂಸಖಂಡಗಳನ್ನು ಸುತ್ತಿರುವ ಪೊರೆಯನ್ನೂ ಕೊಳೆಯಿಸುತ್ತ ಕೈಕಾಲುಗಳಲ್ಲಿ ಹಬ್ಬುವ ವ್ಯಾಧಿಯು ಎರಡನೆಯ ಬಗೆಯದು. ಮೇಲಿನ ಚರ್ಮವು ಇನ್ನೂ ನೆಟ್ಟಗೆ ಕಾಣುತ್ತಿರುವಾಗಲೇ ಒಳಗಿನ ಪದರವು ಸತ್ತುಹೋಗಿರುತ್ತದೆ.

ಮಲೆನಾಡಿನ ಅಡಿಕೆ ತೋಟದ ಗೃಹಸ್ಥರೊಬ್ಬರಿಗೆ ಶ್ರಾವಣದ ಮಳೆಯಲ್ಲಿ ಅಂಗಾಲಿಗೆ ಮುಳ್ಳು ಚುಚ್ಚಿತು. ವಯಸ್ಸು ಅರವತ್ತು ದಾಟಿತ್ತು. ಮಧುಮೇಹವು ಹನ್ನೆರಡು ವರ್ಷಗಳಿಂದ ಜತೆಗಿತ್ತು. ಮುಳ್ಳನ್ನು ತಾವೇ ಕಿತ್ತೆಸೆದು ಮರೆತರು. ಮರುದಿನ ಪಾದವು ಸ್ವಲ್ಪ ಊದಿ ಕೆಂಪಾಯಿತು, ಜ್ವರ ಬಂದಿತು. ಆದರೆ ನೋವು ಮಾತ್ರ ಪಂಚೆಯ ಅಂಚು ತಾಕಿದರೂ ಕೂಗುವಷ್ಟಿತ್ತು. “ನೋಡಿದರೆ ಏನೂ ಇಲ್ಲ, ಇಷ್ಟಕ್ಕೇ ಇವರು ಹೀಗೆ ನರಳುತ್ತಾರಲ್ಲ” ಎಂದು ಮನೆಯವರಿಗೆ ಸೋಜಿಗ. ಶಾಖ ಕೊಟ್ಟರು, ಸೊಪ್ಪು ಅರೆದು ಕಟ್ಟಿದರು. ಕಣ್ಣಿಗೆ ಕಾಣುವುದಕ್ಕಿಂತ ನೋವು ಬಹು ಹೆಚ್ಚಾಗಿರುವುದೇ ಈ ವ್ಯಾಧಿಯ ಮೊದಲ ಲಕ್ಷಣವೆಂಬುದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮೂರನೆಯ ಬೆಳಿಗ್ಗೆ ನೋವು ನಿಂತಿತು. ಮಗನು ಸಂತೋಷಪಟ್ಟನು. ತಾಯಿಗೆ ಸಮಾಧಾನವಾಗಲಿಲ್ಲ. ಕಟ್ಟನ್ನು ಬಿಚ್ಚಿ ನೋಡಿದರೆ ಕೆಂಪಾಗಿದ್ದ ಚರ್ಮವು ನೇರಿಳೆಯ ಬಣ್ಣಕ್ಕೆ ತಿರುಗಿತ್ತು. ಕರಿಯ ನೀರು ತುಂಬಿದ ಬೊಕ್ಕೆಗಳೆದ್ದಿದ್ದವು. ಕೆಂಪು ಇಲ್ಲದ ಮೇಲ್ಭಾಗವೂ ಮರದ ಹಲಗೆಯಂತೆ ಗಟ್ಟಿಯಾಗಿತ್ತು. ಯಜಮಾನರು ತಡವರಿಸಿ ಮಾತನಾಡುತ್ತಿದ್ದರು. “ಇದು ಗುಣವಾದ ಕಾಲಲ್ಲಪ್ಪ, ಗಾಡಿ ತರಿಸು” ಎಂದರು ಆಕೆ. ಆಕೆಯ ಊಹೆ ಸರಿಯಾಗಿತ್ತು. ನೋವು ನಿಂತದ್ದು ರೋಗವು ಶಮನವಾದುದರಿಂದಲ್ಲ. ನೋವನ್ನು ತಿಳಿಸತಕ್ಕ ನರಗಳೇ ಸತ್ತಿದ್ದವು.

ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. 2004ರಲ್ಲಿ ಸಿಂಗಪುರದ ವೈದ್ಯರು ರಕ್ತದ ಆರು ಅಂಶಗಳನ್ನು ಲೆಕ್ಕಹಾಕಿ ಈ ರೋಗವನ್ನು ಶಂಕಿಸುವ ಕ್ರಮವೊಂದನ್ನು ಪ್ರಕಟಿಸಿದರು. ಆದರೆ ಅಂಕವು ಕಡಿಮೆ ಬಂದಿತೆಂದು ರೋಗವಿಲ್ಲವೆನ್ನಲಾಗದು. ಕ್ಷಕಿರಣದ ಚಿತ್ರದಲ್ಲಿ ವಾಯು ಕಾಣಲಿಲ್ಲವೆಂದೂ ನಿಶ್ಚಿಂತರಾಗುವಂತಿಲ್ಲ. ಆದಕಾರಣ ವೈದ್ಯರು ಕಾಯದೆ, ಆ ಜಾಗವನ್ನು ಮರಗಟ್ಟಿಸಿ, ಒಂದು ಅಂಗುಲದಷ್ಟು ಕೊಯ್ದು ನೋಡಿದರು. ರಕ್ತ ಸುರಿಯಲಿಲ್ಲ, ಕಲಗಚ್ಚಿನಂತಹ ಬೂದುಬಣ್ಣದ ನೀರು ಜಿನುಗಿತು. ಒಳಗಿಟ್ಟ ಬೆರಳು ಪೊರೆಯ ಗುಂಟ ತಡೆಯಿಲ್ಲದೆ ಸರಿಯಿತು. ಅಲ್ಲಿಗೆ ಸಂಶಯವು ಪರಿಹಾರವಾಯಿತು.

ಸುಶ್ರುತಸಂಹಿತೆಯನ್ನು ಬಲ್ಲವರಿಗೆ ಇಲ್ಲಿ ಎರಡು ಸಂಗತಿಗಳು ನೆನಪಿಗೆ ಬಾರದಿರವು. ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ಏಷಣವೆಂಬ ಒಳಶೋಧನೆಯೂ ಒಂದು. ಅಲ್ಲದೆ, ಪಕ್ವವಾಗದ ಬಾವನ್ನು ಅರಿಯದೆ ಕೊಯ್ಯುವವನನ್ನೂ ಪಕ್ವವಾದುದನ್ನು ಉಪೇಕ್ಷಿಸುವವನನ್ನೂ ಆ ಆಚಾರ್ಯನು ಸಮಾನವಾಗಿ ನಿಂದಿಸಿದ್ದಾನೆ. ವಾಗ್ಭಟನು ವರ್ಣಿಸಿರುವ ಕರ್ದಮ ವಿಸರ್ಪವಂತೂ ಮಾಂಸವು ಕೆಸರಿನಂತೆ ಕರಗಿ, ಸ್ನಾಯುಸಿರೆಗಳು ಹೊರಗೆ ಕಂಡು, ಹೆಣದ ವಾಸನೆ ಬೀರತಕ್ಕದ್ದು. ಎರಡೂ ಒಂದೇ ಎಂದು ಸಾಧಿಸಬೇಕಾಗಿಲ್ಲ. ಹಿಂದಿನವರೂ ಇಂತಹುದನ್ನು ಕಂಡು ನಡುಗಿದ್ದರೆಂದರೆ ಸಾಕು.

ಕೊಯ್ಯಬೇಕೆಂದೊಡನೆ ಮಗನು ಹಿಂಜರಿದನು. “ಎರಡು ದಿನ ಔಷಧಿ ಕೊಟ್ಟು ನೋಡಬಾರದೇ, ಸ್ವಾಮಿ?” ವೈದ್ಯರು ಶಾಂತವಾಗಿಯೇ ಹೇಳಿದರು: “ಔಷಧಿ ಹೋಗುವುದು ರಕ್ತದ ದಾರಿಯಲ್ಲಿ. ಅಲ್ಲಿ ರಕ್ತನಾಳಗಳೇ ಹೆಪ್ಪುಗಟ್ಟಿ ಮುಚ್ಚಿಹೋಗಿವೆ. ರಕ್ತ ತಲಪದ ಕಡೆಗೆ ಔಷಧಿ ತಲಪುವುದೆಂತು? ಎರಡು ದಿನವಲ್ಲ, ಎರಡು ಗಂಟೆಯೂ ದುಬಾರಿ.” ಮಗನು ನೆಲ ನೋಡುತ್ತ ನಿಂತನು. ತಾಯಿ ಕೇಳಿದರು: “ಕಾಲು ಉಳಿಯುತ್ತದೆಯೇ?” “ಮಾತು ಕೊಡಲಾರೆ ತಾಯಿ. ಮೊದಲು ಜೀವ, ಆಮೇಲೆ ಕಾಲು.” ಆಕೆ ಮರುಮಾತನಾಡದೆ ರುಜು ಹಾಕಿದರು.

ಸತ್ತುದೆಲ್ಲವನ್ನೂ ರಕ್ತ ಜಿನುಗುವ ಜೀವಂತ ಭಾಗ ಸಿಕ್ಕುವವರೆಗೆ ಕೊಯ್ದು ತೆಗೆದರು. ಅನೇಕ ಜಾತಿಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧಿಗಳನ್ನೂ, ಅವುಗಳ ವಿಷೋತ್ಪತ್ತಿಯನ್ನು ತಡೆಯುವ ಕ್ಲಿಂಡಮೈಸಿನ್ನನ್ನೂ ರಕ್ತನಾಳದ ಮೂಲಕ ಕೊಟ್ಟರು. ಮರುದಿನ ಮತ್ತೆ ತೆರೆದು ನೋಡಿದರು. ಇನ್ನಷ್ಟು ಕೊಯ್ಯಬೇಕಾಯಿತು, ಎರಡು ಬೆರಳುಗಳು ಹೋದವು. ಮೂರನೆಯ ಸಲ ನೋಡಿದಾಗ ಕೊಳೆತವು ನಿಂತಿತ್ತು. ಕೆಲವು ವಾರಗಳ ತರುವಾಯ ತೊಡೆಯ ಚರ್ಮವನ್ನು ತೆಗೆದು ಪಾದಕ್ಕೆ ಹೊದಿಸಿದರು.

ಎಲ್ಲರ ಅದೃಷ್ಟವೂ ಇಷ್ಟರಮಟ್ಟಿಗಿರುವುದಿಲ್ಲ. ಅಮೆರಿಕೆಯ ಅಂತರ್ಯುದ್ಧದ ಕಾಲದ ಸೇನಾವೈದ್ಯನಾದ ಜೋಸೆಫ್ ಜೋನ್ಸನು 1871ರಲ್ಲಿ ವರದಿ ಮಾಡಿದ 2,642 ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ತೀರಿಕೊಂಡರು. 1924ರಲ್ಲಿ ಪೀಕಿಂಗಿನಲ್ಲಿದ್ದ ಮೆಲೆನಿಯೆಂಬ ವೈದ್ಯನು ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದಾಗುವ ಕೊಳೆತವನ್ನು ವಿವರಿಸಿ, ಬೇಗನೆ ಕೊಯ್ಯುವುದೇ ಮಾರ್ಗವೆಂದು ತೋರಿಸಿದನು. ಔಷಧಿಗಳು ಇಷ್ಟು ಬೆಳೆದ ಮೇಲೂ ಆ ಮಾತು ಸುಳ್ಳಾಗಿಲ್ಲ. ಕೆನಡಾ ದೇಶದ ಪ್ರಸಿದ್ಧ ರಾಜಕಾರಣಿ ಲೂಸಿಯನ್ ಬುಶಾರರು 1994ರ ಡಿಸೆಂಬರಿನಲ್ಲಿ ಇದೇ ವ್ಯಾಧಿಗೆ ಎಡಗಾಲನ್ನು ತೆತ್ತು ಜೀವವನ್ನುಳಿಸಿಕೊಂಡರು. 1996ರಲ್ಲಿ ಕ್ವಿಬೆಕ್ ಪ್ರಾಂತದ ಪ್ರಧಾನರಾದರು. ಕಾಲು ಹೋದರೆ ಬಾಳೇ ಹೋಯಿತೆಂದು ತಿಳಿಯುವವರು ಇದನ್ನು ಮರೆಯಬಾರದು.

ಮಲೆನಾಡಿನ ಆ ಗೃಹಸ್ಥರು ಈಗ ಊರುಗೋಲು ಹಿಡಿದು ತೋಟದ ಅಂಚಿನವರೆಗೆ ನಡೆಯುತ್ತಾರೆ, ಬರಿಗಾಲಿನಲ್ಲಿ ಇಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಅವರ ಪತ್ನಿಯು ದೀಪ ಹಿಡಿದು ಎರಡು ಅಂಗಾಲುಗಳನ್ನೂ ನೋಡುತ್ತಾರೆ. ಮೊದಮೊದಲು ಯಜಮಾನರಿಗೆ ಸಂಕೋಚವಾಗುತ್ತಿತ್ತು. ಈಗ ತಾವೇ ಕಾಲು ನೀಡುತ್ತಾರೆ. ಮಧುಮೇಹವಿರುವ ಪ್ರತಿಯೊಂದು ಮನೆಯಲ್ಲಿಯೂ ಸಂಧ್ಯಾದೀಪದಷ್ಟೇ ತಪ್ಪದೆ ನಡೆಯತಕ್ಕ ಕಾರ್ಯವಿದು. ಗಾಯವು ಚಿಕ್ಕದು, ನೋವು ದೊಡ್ಡದು ಎಂದು ಹಿರಿಯರು ನರಳಿದಾಗ ನಗದಿರುವುದೂ, ನಾಳೆ ನೋಡೋಣವೆನ್ನದಿರುವುದೂ ಅದರ ಉಳಿದರ್ಧ.