ಜನ ಸರಿಯುವ ತನಕ

ಜೂನ್ ಕೊನೆಯ ವಾರ ಪ್ಯಾರಿಸ್ಸಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಅದೇ ದಿನ ಬೆಂಗಳೂರಿನಲ್ಲಿ ಏಳಕ್ಕೆ ಮುಂಚೆಯೇ ಅವನ ಕೆಲಸ ಮುಗಿದಿರುತ್ತದೆ. ಬಾವಿಗೆ ಬಿಟ್ಟ ಕೊಡದ ಹಾಗೆ ನೆಟ್ಟಗೆ ಇಳಿದುಬಿಡುತ್ತಾನೆ. ಉತ್ತರಕ್ಕೆ ಹೋದಷ್ಟೂ ಅವನು ಇಳಿಯುವ ದಾರಿ ಓರೆ. ಹಾಗಾಗಿ ಫ್ರಾನ್ಸಿನ ಬೇಸಿಗೆಯಲ್ಲಿ ಸಂಜೆಯ ಹಳದಿ ಬಿಸಿಲು ಬಹಳ ಹೊತ್ತು ಗೋಡೆಗಳಿಗೆ ಒರಗಿಕೊಂಡೇ ಇರುತ್ತದೆ. ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಬೀದಿಯ ಬೆಂಚಿನಲ್ಲಿ ಕೂತು ಪೇಪರ್ ಓದಬಹುದು. ಹಂಪಿಯ ಮಾತಂಗ ಬೆಟ್ಟದ ಮೇಲೆ ಟ್ರೈಪಾಡಿನ ಕಾಲು ಬಿಡಿಸುವಷ್ಟರಲ್ಲಿ ಬೆಳಕು ಕೈಬಿಟ್ಟು ಹೋದದ್ದನ್ನು ಕಂಡವರಿಗೆ ಇದು ಹಬ್ಬವೇ ಸರಿ.

ಈ ಹಬ್ಬದಲ್ಲಿ ಗಡಿಯಾರದ ಪಾಲೂ ಇದೆ. 1940ರಲ್ಲಿ ಜರ್ಮನ್ ಸೈನ್ಯ ಬಂದು ಪ್ಯಾರಿಸ್ಸಿನ ಗಡಿಯಾರಗಳನ್ನು ಬರ್ಲಿನ್ ಸಮಯಕ್ಕೆ ತಿರುಗಿಸಿತು. ಸೈನ್ಯ ಹೋಯಿತು, ಸಮಯ ಉಳಿಯಿತು. ತೈಲದ ಬಿಕ್ಕಟ್ಟಿನ ನಂತರ 1976ರಿಂದ ಬೇಸಿಗೆಗೆಂದು ಮತ್ತೊಂದು ಗಂಟೆ ಮುಂದಕ್ಕೆ ಹೋಯಿತು. ಪರಿಣಾಮವಾಗಿ ಅಲ್ಲಿ ನಡುನೆತ್ತಿಯ ಮಧ್ಯಾಹ್ನ ಆಗುವುದು ಎರಡು ಗಂಟೆಯ ಹತ್ತಿರ. ಫೋಟೋಗೆ ಯಾತಕ್ಕೂ ಬಾರದ, ಕಣ್ಣ ಕೆಳಗೆ ಕಪ್ಪು ಗುಳಿ ಬೀಳಿಸುವ ಬಿಸಿಲು ಅದು. ಊಟಕ್ಕೆ ಕೂರಬೇಕಾದ ಹೊತ್ತೂ ಅದೇ, ಏಕೆಂದರೆ ಚಿಕ್ಕ ಊರುಗಳಲ್ಲಿ ಎರಡರ ಮೇಲೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಏಳಕ್ಕೆ. ಇಷ್ಟರ ಮಟ್ಟಿಗೆ ಎಲ್ಲ ಹೊಂದುತ್ತದೆ. ಹೊಂದದಿರುವುದು ರಾತ್ರಿಯ ಊಟ. ಬೆಳಕು ಚೆನ್ನಾಗಿರುವ ಎಂಟರಿಂದ ಹತ್ತರವರೆಗೆ ನನ್ನ ಹೆಂಡತಿಗೆ ಹಸಿವು. “ರೀ, ಈ ಗೋಡೆ ನಾಳೆನೂ ಇಲ್ಲೇ ಇರುತ್ತೆ, ಆ ಹೋಟೆಲಿನವರು ಬಾಗಿಲು ಹಾಕ್ತಾರೆ” ಎನ್ನುವ ಅವಳ ವಾದಕ್ಕೆ ಫೋಟೋಗ್ರಫಿಯ ಯಾವ ಪುಸ್ತಕದಲ್ಲೂ ಉತ್ತರವಿಲ್ಲ.

ಬಿಸಿಲಿಗೂ ಫೋಟೋಗೂ ಇರುವ ಸಂಬಂಧ ಈ ನೆಲದಲ್ಲಿ ಬಹಳ ಹಳೆಯದು. ಬರ್ಗಂಡಿಯ ಶಾಲೋನ್-ಸ್ಯುರ್-ಸೋನ್ ಎಂಬ ಊರಿನವನಾದ ನಿಸೆಫೋರ್ ನಿಯೆಪ್ಸ್, 1827ರ ಸುಮಾರಿಗೆ ಪಕ್ಕದ ಹಳ್ಳಿಯ ತನ್ನ ಮನೆಯ ಮಹಡಿ ಕಿಟಕಿಯಿಂದ ಹಿತ್ತಲಿನ ಚಿತ್ರ ತೆಗೆದ. ಈಗ ಉಳಿದಿರುವ ಕ್ಯಾಮೆರಾ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ತವರದ ಮಿಶ್ರಲೋಹದ ತಗಡಿಗೆ ಒಂದು ಬಗೆಯ ಡಾಂಬರು ಸವರಿ ಬೆಳಕಿಗೆ ಒಡ್ಡಿದ. ಬೆಳಕು ಬಿದ್ದಲ್ಲಿ ಡಾಂಬರು ಗಟ್ಟಿಯಾಯಿತು, ಬೀಳದ ಕಡೆ ಲ್ಯಾವೆಂಡರ್ ಎಣ್ಣೆ ಬೆರೆಸಿದ ದ್ರಾವಣಕ್ಕೆ ಕರಗಿ ಹೋಯಿತು. ಇಂದು ಜುಲೈ ಬಂದರೆ ಪ್ರೊವಾನ್ಸಿನ ಲ್ಯಾವೆಂಡರ್ ಹೊಲಗಳ ಸಾಲಿನಲ್ಲಿ ಬಿಳಿ ಉಡುಪು ತೊಟ್ಟು ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಅದೇ ಹೂವಿನ ಎಣ್ಣೆಯಲ್ಲಿ ತೊಳೆದೇ ಮೊದಲ ಫೋಟೋ ಹೊರಬಂತೆಂದು ಅವರಿಗೆ ಯಾರಾದರೂ ಹೇಳಬೇಕು. ಹೇಳಲು ಹೋದರೆ ಫ್ರೇಮಿಗೆ ಅಡ್ಡ ಬಂದಿರೆಂದು ಬೈಸಿಕೊಳ್ಳಬೇಕಾಗುತ್ತದೆ, ಆ ಮಾತು ಬೇರೆ. ನಿಯೆಪ್ಸನ ತಗಡಿನಲ್ಲಿ ಹಿತ್ತಲಿನ ಎಡಗೋಡೆಗೂ ಬಿಸಿಲಿದೆ, ಬಲಗೋಡೆಗೂ ಬಿಸಿಲಿದೆ. ಕ್ಯಾಮೆರಾ ಕಣ್ಣು ತೆರೆದುಕೊಂಡೇ ಇದ್ದಾಗ ಸೂರ್ಯ ಈ ಕಡೆಯಿಂದ ಆ ಕಡೆಗೆ ದಾಟಿದ್ದಾನೆ. ಇಷ್ಟು ದೀರ್ಘ ಬಿಸಿಲು ಬೇಕಾಗಿದ್ದ ಕಲೆ ಲಂಡನ್ನಿನ ನವೆಂಬರಿನಲ್ಲಿ ಹುಟ್ಟುವುದು ಕಷ್ಟವಿತ್ತು.

ಹಿತ್ತಲಿನಲ್ಲಿ ಜನರಿಲ್ಲ. ಅಂದು ಯಾರಾದರೂ ಓಡಾಡಿದ್ದರೂ ಅಷ್ಟು ದೀರ್ಘ ಎಕ್ಸ್‌ಪೋಷರಿಗೆ ಸಿಕ್ಕುತ್ತಿರಲಿಲ್ಲ. ಸುಮಾರು ಹತ್ತು ವರ್ಷಗಳ ನಂತರ, 1838ರಲ್ಲಿ, ದಾಗೆರ್ ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಎಂಬ ಗಿಜಿಗುಡುವ ಬೀದಿಯನ್ನು ಚಿತ್ರಿಸಿದಾಗಲೂ ಗಾಡಿ, ಕುದುರೆ, ದಾರಿಹೋಕರು ಎಲ್ಲರೂ ಮಾಯ. ಮೂಲೆಯಲ್ಲಿ ಒಬ್ಬ ಮಾತ್ರ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಒಂದು ಕಾಲೆತ್ತಿ ನಿಂತಂತೆ ಕಾಣುತ್ತಾನೆ. ಕೆಲವು ನಿಮಿಷ ಅಲ್ಲಾಡದೆ ನಿಂತದ್ದಕ್ಕೆ, ತಿಳಿದ ಮಟ್ಟಿಗೆ ಫೋಟೋದಲ್ಲಿ ಮೂಡಿದ ಮೊದಲ ಮನುಷ್ಯನಾದ. ಅವನ ಬೂಟು ಉಜ್ಜುತ್ತಿದ್ದವನು ಮಸುಕು ಮಸುಕಾಗಿ ಉಳಿದ. ಕೆಲಸ ಮಾಡುತ್ತಿದ್ದ ಕೈ ಅಲುಗದೆ ಇದ್ದೀತೆ?

ಅಂದು ಬೇಡವೆಂದರೂ ಜನ ಅಳಿಸಿಹೋಗುತ್ತಿದ್ದರು. ಇಂದು ಅಳಿಸಲೆಂದೇ ನಾವು ದುಡ್ಡು ಕೊಟ್ಟು ಕಪ್ಪು ಗಾಜಿನ ಫಿಲ್ಟರ್ ಕೊಳ್ಳುತ್ತೇವೆ. ಅದನ್ನು ಲೆನ್ಸಿಗೆ ತಿರುಪಿ, ಟ್ರೈಪಾಡಿನ ಮೇಲೆ ಶಟರನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ಅವಿನ್ಯೋಂ ಅರಮನೆಯ ಮುಂದಿನ ಜಾತ್ರೆ ಹೊಗೆಯಾಗಿ ಕರಗುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಮೊಬೈಲಿನಲ್ಲೇ ಬೆರಳಿಂದ ಉಜ್ಜಿ ಅಳಿಸುವ ಸೌಕರ್ಯ ಬಂದಿದೆ. ಖಾಲಿ ಚೌಕವನ್ನು ಬಯಸುವವರ ಹಿರಿಯಣ್ಣ ಒಬ್ಬನಿದ್ದ: ಅಜೆ. 1890ರ ದಶಕದಿಂದ 1927ರಲ್ಲಿ ಸಾಯುವವರೆಗೂ ಹಳೆಯ ಪ್ಯಾರಿಸ್ಸಿನ ಓಣಿ, ಅಂಗಡಿ, ಬಾಗಿಲುಗಳನ್ನು ತೆಗೆದವನು. ಅವನ ಬೀದಿಗಳು ಹೆಚ್ಚಾಗಿ ಬರಿದು. ಆದರೆ ಅವನು ಭಾರದ ಕ್ಯಾಮೆರಾ ಹೊತ್ತು ಮುಂಜಾನೆಯೇ ಹೊರಡುತ್ತಿದ್ದ, ಕಲಾವಿದರು ನೋಡಿ ಬರೆದುಕೊಳ್ಳಲೆಂದು ಆ ಚಿತ್ರಗಳನ್ನು ಮಾರುತ್ತಿದ್ದ. ಬೇಗ ಎದ್ದವನಿಗೆ ಖಾಲಿ ಬೀದಿಯ ಹಕ್ಕಿದೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ಬಂದ ನನಗೆ ಯಾವ ಹಕ್ಕು?

ಅವಿನ್ಯೋಂನಲ್ಲಿ ಜುಲೈಯಲ್ಲಿ ಜನರನ್ನು ಅಳಿಸಿದರೂ ಪೋಸ್ಟರುಗಳನ್ನು ಅಳಿಸಲಾಗದು. 1947ರಲ್ಲಿ ಜಾಂ ವಿಲಾರ್ ಶುರುಮಾಡಿದ ನಾಟಕೋತ್ಸವದ ಕಾಲ ಅದು. ಕಂಬ, ಕಟಕಟೆ, ನೀರಿನ ಕೊಳಾಯಿ, ಕಿಟಕಿಯ ಸರಳು ಹೀಗೆ ದಾರ ಕಟ್ಟಲು ಸಿಕ್ಕಲ್ಲೆಲ್ಲ ರಟ್ಟಿನ ಜಾಹೀರಾತು. ಹದಿನಾಲ್ಕನೆಯ ಶತಮಾನದ ಪೋಪರ ಅರಮನೆಯ ಗೋಡೆಯನ್ನು ತೆಗೆಯಲು ಹೋದರೆ ಮುಂದೆ ಕೋಡಂಗಿ ವೇಷದವನ ಹಲ್ಲು ಬರುತ್ತದೆ. ಬರಲಿ ಎನ್ನುವುದು ಈಗೀಗ ನನ್ನ ಅಭಿಪ್ರಾಯ. ಗೋಡೆ ಯಾವ ಇಸವಿಯಲ್ಲೂ ಹಾಗೆಯೇ ಇರುತ್ತದೆ. ಇಸವಿ ಗೊತ್ತಾಗುವುದು ಪೋಸ್ಟರಿನಿಂದ, ಬೀಸಣಿಗೆಯಿಂದ, ಯಾರದೋ ಕೈಯ ಫೋನಿನ ಆಕಾರದಿಂದ.

ಗೋಡೆ ಹಾಗೆಯೇ ಇರುತ್ತದೆ ಎಂದದ್ದೂ ಪೂರ್ತಿ ನಿಜವಲ್ಲ. ಕಾರ್ಕಸೋನ್ ನೋಡಿದರೆ ತಿಳಿಯುತ್ತದೆ. ತೆಂಕಣ ಫ್ರಾನ್ಸಿನ ಈ ಕೋಟೆಯೂರಿಗೆ ಎರಡು ಸುತ್ತು ಗೋಡೆ, ಐವತ್ತಕ್ಕೂ ಹೆಚ್ಚು ಬುರುಜು, ಹಲವು ಬುರುಜುಗಳ ತಲೆಯ ಮೇಲೆ ಚೂಪು ಟೋಪಿಯಂಥ ಮಾಡು. ಮಧ್ಯಯುಗ ಎಂದರೆ ನಮ್ಮ ಕಣ್ಣಿಗೆ ಬರುವ ಚಿತ್ರವೇ ಅದು. ಅಲ್ಲಿ ನಾವು ಕನ್ನಡದಲ್ಲಿ ಜಗಳವಾಡುತ್ತಿದ್ದುದನ್ನು ಕೇಳಿಸಿಕೊಂಡು ದಾವಣಗೆರೆ ಕಡೆಯ ಕುಟುಂಬವೊಂದು ಓಡಿ ಬಂತು. “ಸಾರ್, ನಮ್ದೊಂದು ತೆಗೀತೀರಾ? ಮ್ಯಾಲಿನ ಗೋಪುರ ಪೂರ್ತಿ ಬರ್ಬೇಕು, ಕಾಲೂ ಕಟ್ಟಾಗಬಾರ್ದು.” ಗೋಪುರವೂ ಕಾಲೂ ಬರಬೇಕೆಂದರೆ ಮುಖ ಎಳ್ಳಿನಷ್ಟಾಗುತ್ತದೆ ಎಂದು ವಿವರಿಸಿದೆ. “ಮುಖ ನಮ್ದು ನಮಗ್ ಗೊತ್ತೈತಲ್ರಿ” ಎಂದರು ಹಿರಿಯರು. ಮರುಮಾತಾಡದೆ ಮಂಡಿಯೂರಿ ಕ್ಲಿಕ್ಕಿಸಿದೆ.

ಅವರು ಅಷ್ಟು ಆಸೆಪಟ್ಟ ಆ ಚೂಪು ಮಾಡಿಗೆ ಫೋಟೋಗ್ರಫಿಯಷ್ಟೂ ವಯಸ್ಸಿಲ್ಲ. 1851ರಲ್ಲಿ ಫ್ರೆಂಚ್ ಸರಕಾರದ ಸ್ಮಾರಕ ಆಯೋಗ ಐದು ಮಂದಿ ಫೋಟೋಗ್ರಾಫರುಗಳನ್ನು ದೇಶದ ಹಳೆಯ ಕಟ್ಟಡಗಳನ್ನು ಚಿತ್ರಿಸಿ ತರಲು ಕಳಿಸಿತು. ಗುಸ್ತಾವ್ ಲ ಗ್ರೇ ಮತ್ತು ಮೆಸ್ತ್ರಾಲ್ ಜೊತೆಯಾಗಿ ಕಾರ್ಕಸೋನಿಗೆ ಬಂದು ಪಾಳುಬಿದ್ದ ಕೋಟೆಯನ್ನು ತೆಗೆದರು. ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಜೀರ್ಣೋದ್ಧಾರ ಆರಂಭಿಸಿದ್ದು 1853ರಲ್ಲಿ. ಸ್ಲೇಟುಕಲ್ಲಿನ ಚೂಪು ಮಾಡು ಏರಿಸಿದ್ದು ಅವನು; ಇದು ಬಡಗಣ ಸೀಮೆಯ ಶೈಲಿ, ಇಲ್ಲಿಗೆ ಒಪ್ಪದು ಎಂದು ಆಕ್ಷೇಪಿಸಿದವರಿದ್ದರು. ಅಂದರೆ ಇಲ್ಲಿ ಮಾಡಿಗಿಂತ ಫೋಟೋ ಹಳೆಯದು. ತಮಾಷೆಯೆಂದರೆ ಆ ಐವರು ಬಿಸಿಲಲ್ಲಿ ಅಲೆದು ತಂದ ನೆಗೆಟಿವ್‌ಗಳನ್ನು ಆಯೋಗ ಪ್ರಕಟಿಸಲೇ ಇಲ್ಲ, ಬೀರುವಿನಲ್ಲಿಟ್ಟಿತು. ಸರಕಾರಿ ಕಡತದ ಸ್ವಭಾವ ಎಲ್ಲ ದೇಶದಲ್ಲೂ ಒಂದೇ.

ಅದೇ ತಂಡದ ಬಾಲ್ಡ್ಯುಸ್ ಆರ್ಲ್ ಪಟ್ಟಣದ ಸಾಂ ತ್ರೋಫೀಮ್ ಚರ್ಚಿನ ಒಳಾಂಗಣಕ್ಕೆ ಹೋದ. ಕಂಬಸಾಲಿನ ಕೆಳಗೆ ಕತ್ತಲು, ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಎರಡೂ ಒಂದೇ ಚಿತ್ರದಲ್ಲಿ ಬಾರವು. ಅವನು ಹತ್ತರಷ್ಟು ಕಾಗದದ ನೆಗೆಟಿವ್ ತೆಗೆದು, ಕತ್ತರಿಸಿ ಅಂಟಿಸಿ, ಕೂಡುಗೆರೆ ಕಾಣದಂತೆ ಕೈಯಿಂದ ತಿದ್ದಿ, ಎಲ್ಲವೂ ಸ್ಪಷ್ಟವಾಗಿರುವ ಒಂದು ಚಿತ್ರ ಮಾಡಿದ. ನನ್ನ ಫೋನು ಕಣ್ಣು ಮಿಟುಕಿಸುವುದರಲ್ಲಿ ಮಾಡುವುದೂ ಅದನ್ನೇ. ಅಲ್ಲಿ ನಿಂತು ನೋಡಿದಾಗ ಫೋನಿನ ಚಿತ್ರವೇ ಸಪ್ಪೆ ಅನಿಸಿತು: ನೆರಳೆಲ್ಲ ಬೂದಿಬಣ್ಣ. ಕೈಕ್ಯಾಮೆರಾದಲ್ಲಿ ಬಿಸಿಲಿಗೆ ಅಳತೆ ಹಿಡಿದು ಕಂಬಗಳನ್ನು ಕತ್ತಲಿಗೇ ಬಿಟ್ಟೆ. ಒಳಗೆ ತಂಪಾಗಿತ್ತು ಅನ್ನುವುದು ಆಗ ಚಿತ್ರದಲ್ಲಿ ಬಂತು.

ಇದೇ ಆರ್ಲ್‌ನಲ್ಲಿ 1970ರಿಂದ ಪ್ರತಿ ಬೇಸಿಗೆ ಫೋಟೋಗ್ರಫಿಯ ಉತ್ಸವ ನಡೆಯುತ್ತದೆ. ಹಳೆಯ ಚರ್ಚುಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ಪ್ರದರ್ಶನ. ಅವನ್ನು ನೋಡಿ ಹೊರಬಂದವರೂ ನೇರ ಹೋಗುವುದು ಫೋರಂ ಚೌಕದ ಹಳದಿ ಕೆಫೆಯ ಮುಂದಕ್ಕೆ. ವ್ಯಾನ್ ಗೋ 1888ರ ಸೆಪ್ಟೆಂಬರಿನ ಒಂದು ರಾತ್ರಿ ಅದನ್ನು ಬರೆದಾಗ ಗೋಡೆಯನ್ನು ಹಳದಿಯಾಗಿಸಿದ್ದು ದೀಪದ ಬೆಳಕು. ಎಷ್ಟೋ ಕಾಲದ ನಂತರ ಚಿತ್ರಕ್ಕೆ ಹೊಂದಲೆಂದು ಗೋಡೆಗೇ ಹಳದಿ ಬಳಿದರು. ಈಗ ನಡುಮಧ್ಯಾಹ್ನವೂ ಅಲ್ಲಿ ರಾತ್ರಿಯ ದೀಪ ಬಿದ್ದಂತಿರುತ್ತದೆ. ಅವನು ಬಾಡಿಗೆಗಿದ್ದ ಹಳದಿ ಮನೆಯೋ 1944ರ ಬಾಂಬು ದಾಳಿಗೆ ಹೋಯಿತು. ಕೆಫೆಯ ಎದುರು ನಾನು ತೆಗೆದದ್ದು, ಅವನ ಈಸಲ್ ಇತ್ತೆನ್ನುವ ಜಾಗಕ್ಕಾಗಿ ನಿಂತ ಸಾಲನ್ನು. ಎಲ್ಲರ ಕೈಯೂ ಒಂದೇ ಎತ್ತರದಲ್ಲಿ.

ಜನರನ್ನು ತೆಗೆಯುತ್ತೇನೆಂದು ಹೊರಟರೆ ಫ್ರಾನ್ಸಿನಲ್ಲಿ ಇನ್ನೊಂದು ತೊಡಕು. ಅಲ್ಲಿ ಮುಖ ಆಯಾ ಮನುಷ್ಯನ ಸ್ವತ್ತು. ಒಪ್ಪಿಗೆಯಿಲ್ಲದೆ ಪ್ರಕಟಿಸಿದರೆ ಕೋರ್ಟಿಗೆ ಹೋಗಬಹುದು. ಪ್ಯಾರಿಸ್ಸಿನ ನಗರಸಭೆಯ ಮುಂದೆ ಮುತ್ತಿಡುವ ಜೋಡಿಯನ್ನು ರೊಬೇರ್ ದ್ವಾನೊ 1950ರಲ್ಲಿ ತೆಗೆದ ಚಿತ್ರ ಲಕ್ಷಾಂತರ ಪೋಸ್ಟರಾಗಿ ಮಾರಾಟವಾದ ಮೇಲೆ, ಆ ಜೋಡಿ ತಾವೇ ಎಂದು ದಂಪತಿಯೊಂದು 1990ರ ದಶಕದಲ್ಲಿ ದಾವೆ ಹೂಡಿತು. ಆಗ ದ್ವಾನೊ ನಿಜ ಹೇಳಬೇಕಾಯಿತು: ಅವರಿಬ್ಬರೂ ನಟನೆ ಕಲಿಯುತ್ತಿದ್ದವರು, ತಾನೇ ಕೇಳಿ ನಿಲ್ಲಿಸಿದ್ದು. ಆ ನಟಿ ತನ್ನಲ್ಲಿದ್ದ ಮೂಲಪ್ರತಿಯನ್ನು 2005ರಲ್ಲಿ ಹರಾಜಿಗಿಟ್ಟಾಗ ಒಂದೂವರೆ ಲಕ್ಷ ಯೂರೋ ಮೀರಿ ಬಂತು. ಅಚಾನಕ್ಕಾಗಿ ಸಿಕ್ಕಿದ್ದೆಂದು ಲೋಕ ನಂಬಿದ ಮುತ್ತು ಅದು. ಕೇಳಿ ತೆಗೆದ ಚಿತ್ರದಲ್ಲಿ ಜೀವವಿರುವುದಿಲ್ಲ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಹಾಗಾಗಿ ಕೇಳುತ್ತೇನೆ. ಲಿಯೋಂನ ಹಳೆಯ ಭಾಗದಲ್ಲಿ ತ್ರಬೂಲ್ ಎಂಬ ಓಣಿಗಳಿವೆ: ಬೀದಿಯ ಸಾಮಾನ್ಯ ಬಾಗಿಲನ್ನು ತಳ್ಳಿದರೆ ಮನೆಯೊಳಗೇ ಕತ್ತಲ ದಾರಿ, ನಡುವೆ ಬಾವಿಯ ತಳದಂಥ ಅಂಗಳ, ಮುಂದೆ ಹೋದರೆ ಮತ್ತೊಂದು ಬೀದಿ. ಮೇಲೆ ಜನ ಸಂಸಾರ ಮಾಡಿಕೊಂಡಿದ್ದಾರೆ, ಮೆಲ್ಲಗೆ ಮಾತಾಡಿ ಎಂದು ಫಲಕವಿರುತ್ತದೆ. ಅಂಥದೊಂದು ಅಂಗಳದಲ್ಲಿ ಗುಲಾಬಿ ಬಣ್ಣದ ದುಂಡು ಗೋಪುರ, ಒಳಗೆ ಸುತ್ತುಮೆಟ್ಟಿಲು. ಚಕ್ರದ ಕೈಚೀಲ ಎಳೆದುಕೊಂಡು ಸಂತೆಯಿಂದ ಬಂದ ಅಜ್ಜಿಯೊಬ್ಬರು ನನ್ನ ಕ್ಯಾಮೆರಾ ಕಂಡು ಬಾಗಿಲಲ್ಲೇ ನಿಂತರು. ನೀವು ಹೋಗಿ ಎಂದು ನಾನು, ನೀವು ತೆಗೆದುಕೊಳ್ಳಿ ಎಂದು ಅವರು, ಕೈಸನ್ನೆಯಲ್ಲೇ ಉಪಚಾರ ನಡೆಯಿತು. “ಅವರ ತರಕಾರಿ ಬಾಡ್ತಿದೆ, ಏನಾದ್ರೂ ಒಂದು ಮಾಡಿ” ಎಂದಳು ನನ್ನವಳು. ನನಗಿದ್ದ ಅರೆಬರೆ ಫ್ರೆಂಚಿನಲ್ಲಿ, ನಿಮ್ಮನ್ನೇ ತೆಗೆಯಬಹುದೇ ಎಂದು ಕೇಳಿದೆ.

ಒಪ್ಪಿದರು. ನನ್ನ ಕಣ್ಣಿದ್ದದ್ದು ಚೀಲದ ಬಾಯಿಂದ ಇಣುಕುತ್ತಿದ್ದ ಮೂಲಂಗಿ ಸೊಪ್ಪಿನ ಮೇಲೆ. ಆ ಗುಲಾಬಿ ಗೋಡೆಗೆ ಆ ಹಸಿರೇ ಬೇಕಿತ್ತು. ಅಜ್ಜಿ ಮೊದಲು ಕೂದಲು ಸರಿಮಾಡಿಕೊಂಡರು, ಆಮೇಲೆ ಚೀಲವನ್ನು ಕಂಬದ ಹಿಂದಕ್ಕೆ ತಳ್ಳಿ, ಅದು ಪೂರ್ತಿ ಮರೆಯಾಯಿತೇ ಎಂದು ಬಗ್ಗಿ ನೋಡಿ ಖಾತರಿ ಮಾಡಿಕೊಂಡು, ಗೋಪುರದ ಮುಂದೆ ಸೆಟೆದು ನಿಂತರು.