ಮುಚ್ಚಿಯೂ ಮುಚ್ಚದ ಬಾಗಿಲು

ಮಗಳು ಮನೆ ಕಟ್ಟಿಸಿದಳೆಂದರೆ ತಂದೆಯಾದವನು ನಾಲ್ಕು ಜನರೆದುರು ಹೇಳಿಕೊಂಡು ಹಿಗ್ಗಬಹುದು. ವಿಮಾನ ಕಟ್ಟಿದಳೆಂದರೆ ಏನು ಮಾಡಬೇಕು? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ನನ್ನ ಮಗಳು ತನ್ನ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು, ಇಬ್ಬರು ಕೂರಬಹುದಾದ ಪುಟ್ಟ ವಿಮಾನವೊಂದನ್ನು ತನ್ನ ಕೈಯಿಂದಲೇ ಕಟ್ಟಿದಳು. ಈ ಸುದ್ದಿಯನ್ನು ಶಿವಮೊಗ್ಗದ ನೆರೆಹೊರೆಯವರಿಗೆ ಹೇಳಿದಾಗ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟರು ನಿವೃತ್ತಿಯಾದ ಮೇಲೆ ಕತೆ ಹೇಳಲು ತೊಡಗಿದ್ದಾರೆಂದು ಅವರು ಭಾವಿಸಿದಂತೆ ತೋರಿತು.

ಕತೆಯಲ್ಲ, ಆ ದೇಶದಲ್ಲಿ ಇದೊಂದು ಹಳೆಯ ಹವ್ಯಾಸ. ಇಂಥವರ ಸಂಘವೊಂದನ್ನು ಪಾಲ್ ಪೊಬೆರೆಜ್ನಿ ಎಂಬಾತ 1953ರಲ್ಲಿ ಅದೇ ರಾಜ್ಯದ ಮಿಲ್ವಾಕಿಯಲ್ಲಿ ಆರಂಭಿಸಿದ. 1970ರಿಂದ ಅದರ ಮೇಳ ಆಷ್‌ಕಾಷ್ ಎಂಬ ಊರಿನಲ್ಲಿ ನೆಲೆಗೊಂಡಿದೆ. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳ ಕೈಯಿಂದಲೇ ಆಗಿರಬೇಕು. ಹತ್ತುವವನ ಕಣ್ಣಿಗೆ ಬೀಳುವಂತೆ ‘ಎಕ್ಸ್‌ಪೆರಿಮೆಂಟಲ್’, ಅಂದರೆ ‘ಪ್ರಾಯೋಗಿಕ’, ಎಂದು ದಪ್ಪಕ್ಷರದಲ್ಲಿ ಬರೆದಿರಬೇಕು ಎಂಬುದು ಸರ್ಕಾರದ ನಿಯಮ. ಪರೀಕ್ಷೆಯ ಗಂಟೆಗಳು ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಮಗಳ ವಿಮಾನಕ್ಕೆ ಗೊತ್ತುಮಾಡಿದ್ದು ನಲವತ್ತು ಗಂಟೆ. ನಾನು ಅಲ್ಲಿಗೆ ಹೋದಾಗ ಹನ್ನೊಂದು ಮುಗಿದಿದ್ದವು. ಅಂದರೆ ಅವಳೊಬ್ಬಳೇ ಆಕಾಶದಲ್ಲಿ. ನಾನು ನೆಲದ ಮೇಲೆ, ಆರಿದ ಕಾಫಿಯ ಲೋಟ ಹಿಡಿದು.

ಆ ವಿಮಾನದ ಗಾಲಿಗಳು ನೆಲ ಬಿಟ್ಟೊಡನೆ ಹಕ್ಕಿಯ ಕಾಲಿನಂತೆ ಮಡಚಿಕೊಂಡು ಹೊಟ್ಟೆಯೊಳಗೆ ಸೇರುತ್ತವೆ. ಮಡಚಿದ ಕಾಲೇ ಒಂದು ಸರಳಿನಿಂದ ಬಾಗಿಲನ್ನು ಎಳೆದು ಗೂಡನ್ನು ಮುಚ್ಚುತ್ತದೆ. ಬಾಗಿಲು ಸರಿಯಾಗಿ ಕುಳಿತರೆ ಅಲ್ಲಿನ ಪುಟ್ಟ ಸ್ವಿಚ್ಚು ಒತ್ತಿಕೊಂಡು, ಚಾಲಕಳ ಎದುರಿನ ಕೆಂಪು ದೀಪ ಆರುತ್ತದೆ. ಬಲಗಡೆಯ ಬಾಗಿಲಿನದೇ ತಕರಾರು. ಏರುವಾಗ ದೀಪ ಆರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಂಡು, ಕಾಲಡಿಯಲ್ಲಿ ತಮಟೆ ಬಡಿದಂಥ ಸದ್ದು ಬರುತ್ತಿತ್ತು. ಬಾಗಿಲು ಕಿತ್ತು ಹಾರಿದರೆ ಬಾಲಕ್ಕೆ ಬಡಿಯಬಹುದು. ಸೊಟ್ಟಗಾಗಿ ಸಿಕ್ಕಿಕೊಂಡರೆ ಗಾಲಿ ಕೆಳಗಿಳಿಯದೆ ಹೊಟ್ಟೆಯ ಮೇಲೆಯೇ ನೆಲಕ್ಕಿಳಿಯಬೇಕಾದೀತು.

ಹ್ಯಾಂಗರಿನಲ್ಲಿ ವಿಮಾನವನ್ನು ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿ, ಇಪ್ಪತ್ತು ಸಲ ಗಾಲಿ ಮಡಚಿ ಬಿಡಿಸಿದೆವು. ಇಪ್ಪತ್ತು ಸಲವೂ ಬಾಗಿಲು ಒಳ್ಳೆಯ ಹುಡುಗನಂತೆ ಮುಚ್ಚಿಕೊಂಡಿತು. ಸ್ವಿಚ್ಚು ಕೆಟ್ಟಿರಬಹುದೆಂದು ಹೊಸದನ್ನು ಹಾಕಿದಳು, ಫಲವಿಲ್ಲ. ಬಾಗಿಲನ್ನು ಬಿಗಿಯಾಗಿ ಎಳೆಯಲೆಂದು ಸರಳನ್ನು ಒಂದು ಸುತ್ತು ಗಿಡ್ಡ ಮಾಡಿದಳು. ಆಗ ಕಾಲು ಪೂರ್ತಿ ಮಡಚುವ ಮೊದಲೇ ಬಾಗಿಲು ಚೌಕಟ್ಟಿಗೆ ತಾಗಿ ನಿಂತಿತು. ಎಣ್ಣೆಯ ಪಂಪು ನರಳಿತು. ಹೀಗೇ ಬಿಟ್ಟರೆ ಸರಳೇ ಬಾಗೀತೆಂದು ಮತ್ತೆ ಮೊದಲಿನಂತೆ ಮಾಡಿದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿಗೆ, “ಗಾಲಿ ಮಡಚುವುದೇ ಬೇಡ ಮಗು. ಇಳಿಬಿಟ್ಟುಕೊಂಡೇ ಹಾರು. ಅಥವಾ ಹಾರುವುದನ್ನೇ ಬಿಡು,” ಎಂದೆ.

ಅವಳು ಸಿಟ್ಟಾಗಲಿಲ್ಲ. ಹಾರಾಟದ ದಿನಚರಿಯನ್ನು ನನ್ನ ತಟ್ಟೆಯ ಪಕ್ಕಕ್ಕೆ ತಳ್ಳಿ, “ಅಪ್ಪಾ, ಹೆದರಿಕೆಯನ್ನು ಆಮೇಲೆ ಹೇಳು. ಮೊದಲು ಅಂಕಿ ನೋಡು. ನೀನೇ ಕಲಿಸಿದ್ದಲ್ಲವೇ?” ಎಂದಳು.

ನೋಡಿದೆ. ದೀಪ ಹೊತ್ತಿದ್ದು ನಾಲ್ಕು ಬಾರಿ. ನಾಲ್ಕು ಬಾರಿಯೂ ವೇಗ ಗಂಟೆಗೆ 260 ಕಿಲೋಮೀಟರು ದಾಟಿತ್ತು. ವೇಗ ತಗ್ಗಿಸಿದೊಡನೆ ದೀಪ ಆರಿತ್ತು. ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ವಿಮಾನವಲ್ಲ, ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸು. ಬಸ್ಸು ನಿಂತಿರುವಾಗ ಕಿಟಕಿಯ ಪರದೆ ಸುಮ್ಮನೆ ತೂಗುತ್ತಿರುತ್ತದೆ. ಓಡತೊಡಗಿದರೆ ಹೊರಕ್ಕೆ ಹಾರಿ ಪಟಪಟನೆ ಬಡಿದುಕೊಳ್ಳುತ್ತದೆ. ಹೊರಗೆ ರಭಸದಿಂದ ಸರಿಯುವ ಗಾಳಿಯ ಒತ್ತಡ ಕಡಿಮೆ. ಒಳಗಿನ ನಿಂತ ಗಾಳಿಯ ಒತ್ತಡ ಹೆಚ್ಚು. ಪರದೆಯನ್ನು ಯಾರೂ ಹೊರಗಿನಿಂದ ಎಳೆಯುವುದಿಲ್ಲ, ಒಳಗಿನಿಂದ ತಳ್ಳುತ್ತಾರೆ. ಎಷ್ಟೋ ತರಗತಿಗಳಿಗೆ ಈ ಪಾಠ ಹೇಳಿದ ನಾನು, ಹ್ಯಾಂಗರಿನಲ್ಲಿ ಎರಡು ದಿನ ನಿಂತ ಬಸ್ಸಿನ ಪರದೆಯನ್ನೇ ನೋಡುತ್ತಾ ಕುಳಿತಿದ್ದೆ!

ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಬಾಗಿಲಿನ ಅಳತೆ 50 ಸೆಂಟಿಮೀಟರು ಉದ್ದ, 30 ಅಗಲ. ಎದುರುಗಾಳಿಯ ಒತ್ತಡದ ಕಾಲುಭಾಗವೇ ಅದನ್ನು ಹೊರಕ್ಕೆ ತಳ್ಳುವುದೆಂದು ಹಿಡಿದರೂ, 150 ಕಿಲೋಮೀಟರು ವೇಗದಲ್ಲಿ ಸುಮಾರು ನಾಲ್ಕು ಕಿಲೋ, 260ರಲ್ಲಿ ಹನ್ನೆರಡು, 300ರಲ್ಲಿ ಹದಿನಾರು. ಗಾಲಿ ಮಡಚುವುದು ಕಡಿಮೆ ವೇಗದಲ್ಲಿ. ಆದ್ದರಿಂದ ಮೊದಲು ಎಲ್ಲವೂ ನೆಟ್ಟಗಿತ್ತು.

ಇನ್ನು ಆಕಾಶವನ್ನು ಹ್ಯಾಂಗರಿಗೆ ತರಬೇಕಾಗಿತ್ತು. ಮುಚ್ಚಿದ ಬಾಗಿಲಿನ ಹೊರಮೈಗೆ ನಾಲ್ಕು ಕಡೆ ಬಟ್ಟೆಯ ಪಟ್ಟಿ ಅಂಟಿಸಿ, ಅವನ್ನು ಒಂದು ಕೋಲಿಗೆ ಕಟ್ಟಿ, ಕೋಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಾನು ಕೆಳಕ್ಕೆ ಎಳೆದೆ. ಮಗಳು ಅಂಗಾತ ಮಲಗಿ ಟಾರ್ಚು ಹಿಡಿದು ಸಂದನ್ನು ನೋಡುತ್ತಿದ್ದಳು. ನಾಲ್ಕು ಕಿಲೋ: ಕದಲಲಿಲ್ಲ. ಎಂಟು: ಕೂದಲೆಳೆಯಷ್ಟು ಬೆಳಕು. ಹನ್ನೆರಡಕ್ಕೆ ಹಿಂದಿನ ಮೂಲೆ ಕಿರುಬೆರಳು ತೂರುವಷ್ಟು ಜಗ್ಗಿ, ಸ್ವಿಚ್ಚು ಟಿಕ್ಕೆಂದು ಬಿಟ್ಟುಕೊಂಡಿತು. “ಸಿಕ್ಕಿತು!” ಎಂದು ಕೂಗಿದಳು.

ಸ್ವಿಚ್ಚಿನದೂ ತಪ್ಪಿಲ್ಲ, ಸರಳಿನದೂ ತಪ್ಪಿಲ್ಲ. ಸರಳು ಬಾಗಿಲನ್ನು ಹಿಡಿದದ್ದು ಮುಂದಿನ ಭಾಗದಲ್ಲಿ. ಹಿಂದಿನ ಮೂಲೆಗೆ ಆಧಾರವಿರಲಿಲ್ಲ, ಬಾಗಿಲಿಗೆ ಸಾಲುವಷ್ಟು ಗಡಸೂ ಇರಲಿಲ್ಲ. ತೂಕ ಉಳಿಸಲೆಂದು ಅಲ್ಲಿ ಗಾಜುನಾರಿನ ಎರಡು ಪದರ ಕಡಿಮೆ ಹಾಕಿದ್ದೆನೆಂದು ಅವಳೇ ಒಪ್ಪಿಕೊಂಡಳು. ಒಳಮೈಗೆ ಕರ್ಣರೇಖೆಯುದ್ದಕ್ಕೂ ಕಾರ್ಬನ್ ನಾರಿನ ಪಕ್ಕೆಲುಬೊಂದನ್ನು ಕೂರಿಸಿ, ಅಂಟು ಪೂರ್ತಿ ಗಟ್ಟಿಯಾಗಲು ಬಿಟ್ಟು, ಮತ್ತೆ ತಕ್ಕಡಿ ಹಿಡಿದೆವು. ಇಪ್ಪತ್ತನಾಲ್ಕು ಕಿಲೋ ಎಳೆದರೂ ದೀಪ ಹೊತ್ತಲಿಲ್ಲ. ಕೂಡಿದ ತೂಕ ಒಂದು ನಿಂಬೆಹಣ್ಣಿನಷ್ಟಿರಬಹುದು.

ಮರುದಿನ ಅವಳು ಹಾರಿದಳು. ನಾನು ತಲೆಯೆತ್ತಿ ನಿಂತೆ. ವೇಗವನ್ನು ಹತ್ತು ಹತ್ತಾಗಿ ಏರಿಸುತ್ತಾ ಹೋಗಿ, ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದು, “ಮುನ್ನೂರು, ಅಪ್ಪಾ. ದೀಪವಿಲ್ಲ, ಸದ್ದಿಲ್ಲ,” ಎಂದಳು. ನನ್ನ ಕಾಫಿ ಎಂದಿನಂತೆ ಆರಿತ್ತು. ಆದರೆ ಅಂದು ಪೂರ್ತಿ ಕುಡಿದೆ.

ನಲವತ್ತು ಗಂಟೆ ಮುಗಿದ ವಾರವೇ ಪಕ್ಕದ ಆಸನ ನನಗೆ ದೊರಕಿತು. ‘ಪ್ರಾಯೋಗಿಕ’ ಎಂಬ ಅಕ್ಷರಗಳನ್ನು ದಾಟಿ ಒಳಗೆ ಕುಳಿತೆ. ಬಹಳ ಹೊತ್ತಿನ ಮೇಲೆ ಅವಳು ನಕ್ಕು ನನ್ನ ತೋಳು ತಟ್ಟಿದಳು: “ಅಪ್ಪಾ, ಆ ದೀಪವನ್ನು ನಾನು ನೋಡಿಕೊಳ್ಳುತ್ತೇನೆ. ಕೆಳಗೆ ವಿನೆಬಾಗೊ ಸರೋವರವಿದೆ, ಅದನ್ನು ನೀನು ನೋಡು.”