ಬಾರಾಲಾಚಾದ ಎರಡು ಪಾಳಿಗಳು

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಅಟಲ್ ಸುರಂಗ ದಾಟಿ ಲಾಹೌಲ್‌ಗೆ ಬಂದರೆ ಮನಾಲಿಯ ದೇವದಾರು ಕಾಡು ಹಿಂದೆ ಉಳಿಯುತ್ತದೆ. ಕೇಲಾಂಗ್, ಜಿಸ್ಪಾ, ದಾರ್ಚಾ ಎಂದು ಊರುಗಳು ಸರಿದಂತೆ ಹಸಿರು ತೆಳುವಾಗುತ್ತದೆ. ಬಾರಾಲಾಚಾ ಪಾಸಿನ ಏರು ಹತ್ತುವಾಗ ಕಣ್ಣಿಗೆ ಬೀಳುವುದು ಕಲ್ಲು, ಆಕಾಶ, ಹಿಮ ಮಾತ್ರ. 16,000 ಅಡಿ ಎತ್ತರದಲ್ಲಿ ಜೂನ್ ತಿಂಗಳಲ್ಲೂ ರಸ್ತೆಯ ಬದಿಗೆ ಹಿಮದ ಗೋಡೆ ನಿಂತಿತ್ತು. ಅದರ ಮೈ ಚಾಕುವಿನಿಂದ ಕೊಯ್ದಷ್ಟು ನೇರ. ಆ ಕೊಯ್ತ ಯಾರದು ಎಂದು ಕೇಳಿದಾಗ ಚಾಲಕ ರಸ್ತೆ ಬದಿಯ ಗಡಿ ರಸ್ತೆ ಸಂಸ್ಥೆಯ (ಬಿಆರ್‌ಒ) ಅಂಗಳದತ್ತ ಕೈ ತೋರಿಸಿದ. ಅಲ್ಲಿ ತಾಡಪತ್ರಿ ಹೊದ್ದು ಸ್ನೋ ಕಟರ್ ನಿಂತಿತ್ತು.

ಚಳಿಗಾಲ ಕಳೆಯುತ್ತಿದ್ದಂತೆ ದಾರಿ ತೆರೆಯುವ ಯಂತ್ರ ಇದು. ಮುಂದಿನ ಸುರುಳಿ ಅಲಗುಗಳು ಗಟ್ಟಿ ಹಿಮವನ್ನು ಕೊರೆದು ಒಳಗೆಳೆಯುತ್ತವೆ, ಮೇಲಿನ ಕೊಳವೆ ಅದನ್ನು ಕಣಿವೆಯತ್ತ ಎಸೆಯುತ್ತದೆ. ಹಿಮದೊಳಗೆ ಬಂಡೆ ಅಡ್ಡ ಸಿಕ್ಕರೆ ಒಂದು ಬೋಲ್ಟ್ ಮುರಿದುಕೊಂಡು ಗೇರ್‌ಬಾಕ್ಸನ್ನು ಉಳಿಸುತ್ತದೆ. ಸವೆದ ಅಲಗು ಬಿಚ್ಚುವುದು, ಎಣ್ಣೆ ತೆಗೆದು ಹೊಸದು ತುಂಬುವುದು, ಗಾಲಿಯ ಸರಪಳಿ ನೋಡುವುದು ಬೇಸಿಗೆಯ ಕೆಲಸ. ಪಾಸು ಮುಚ್ಚುವ ಮೊದಲೇ ಬಿಡಿಭಾಗ, ಡೀಸೆಲ್ ಎಲ್ಲವೂ ಮೇಲೆ ಬಂದಿರಬೇಕು. ಸಾಮಾನ್ಯ ಡೀಸೆಲ್ ಇಲ್ಲಿಯ ಚಳಿಗೆ ಹೆಪ್ಪುಗಟ್ಟುತ್ತದೆ. ಅದಕ್ಕೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಲಡಾಖಿಗೆ ತಂದಿತು.

ಸ್ನೋ ಕಟರ್ ಅಂಗಳ ಸೇರಿದ ಮೇಲೆ ರಸ್ತೆಗೆ ಮನುಷ್ಯರು ಬರುತ್ತಾರೆ. ಮುಂದಿನ ತಿರುವಿನಲ್ಲಿ ಕಂಡ ತಂಡವೆಲ್ಲ ಜಾರ್ಖಂಡಿನ ದುಮ್ಕಾ ಕಡೆಯವರು, ಹೆಚ್ಚಿನವರು ಸಂತಾಲರು. ಮುಖಕ್ಕೆ ಬಟ್ಟೆ ಸುತ್ತಿ, ಡಾಂಬರಿನ ಹೊಗೆಯಲ್ಲಿ ನಿಂತು, ಹಿಮ ಕಿತ್ತ ಹೊಂಡಗಳಿಗೆ ಜಲ್ಲಿ ತುಂಬುತ್ತಿದ್ದರು. ಕರಗುವ ಹಿಮದ ನೀರು ಮಧ್ಯಾಹ್ನದ ಮೇಲೆ ರಸ್ತೆಗೇ ನುಗ್ಗುತ್ತದೆ. ಅದಕ್ಕೆ ಮೋರಿ ಬಿಡಿಸಬೇಕು, ಕಲ್ಲು ಕಟ್ಟಬೇಕು. ನಾನು ನೂರು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ ಜಾಗದಲ್ಲಿ ಅವರು ಇಡೀ ದಿನ ಹಾರೆ, ಪಿಕಾಸಿ ಹಿಡಿಯುತ್ತಾರೆ.

“ಅಕ್ಟೋಬರ್ ಆದಮೇಲೆ?” ಎಂದು ಕೇಳಿದೆ.

“ಊರಿಗೆ ಹೋಗ್ತೀವಿ, ಬಾಬು. ಭತ್ತ ಕೊಯ್ಯಬೇಕಲ್ಲ” ಎಂದ ಒಬ್ಬ ಹಿರಿಯ. ಅಲ್ಲಿ ಮಳೆ ನಂಬಿದ ಒಂದೇ ಬೆಳೆ. ನಾಟಿಯ ಹೊತ್ತಿಗೆ ಇವರು ಇಲ್ಲಿರುತ್ತಾರೆ, ಮನೆಯ ಹೆಂಗಸರು ಮುದುಕರು ಗದ್ದೆ ನೋಡಿಕೊಳ್ಳುತ್ತಾರೆ. ಕೊಯ್ಲು, ಒಕ್ಕಣೆ ಮುಗಿಸಿ ಜನವರಿಯಲ್ಲಿ ಸೊಹರಾಯ್ ಹಬ್ಬ. ದನಕರುಗಳನ್ನು ಪೂಜಿಸುವ, ಮಾದಲ್ ವಾದ್ಯ ಬಾರಿಸಿ ಕುಣಿಯುವ ಆ ದಿನಗಳ ಮಾತು ಬಂದಾಗ ಹಿರಿಯನ ದನಿಗೆ ಹುರುಪು ಬಂತು. ಭತ್ತ ಸಾಲದವರು ಬಂಗಾಳದ ಬರ್ದಮಾನ್ ಗದ್ದೆಗಳಿಗೆ ಕೂಲಿಗೆ ಹೋಗುತ್ತಾರೆ. ರಸ್ತೆಯ ಬಿಡುವು ಅವರ ಪಾಲಿಗೆ ಇನ್ನೊಂದು ದುಡಿಮೆಯ ಕಾಲ.

ಹಿಮದ ಪಾಳಿ, ರಸ್ತೆಯ ಪಾಳಿ ಎರಡರಲ್ಲೂ ದುಡಿಯುವುದು ಡೋಜರ್. ಚಳಿಗಾಲ ಮುಗಿಯುವಾಗ ಹಿಮಕುಸಿತದ ರಾಶಿ ತಳ್ಳುತ್ತದೆ, ಬೇಸಿಗೆಯಲ್ಲಿ ಗುಡ್ಡ ಕುಸಿದ ಮಣ್ಣು ಸರಿಸುತ್ತದೆ, ಉಳಿದ ಹೊತ್ತು ರಸ್ತೆ ಅಗಲ ಮಾಡುತ್ತದೆ. ಬಿಆರ್‌ಒ ಬಳಸುವ ಡೋಜರ್‌ಗಳಲ್ಲಿ ನಮ್ಮ ಬಿಇಎಂಎಲ್‌ನವೂ ಇವೆ. ಕೋಲಾರದ ಕೆಜಿಎಫ್‌ನಲ್ಲಿ ತಯಾರಾದ ಯಂತ್ರ, ದುಮ್ಕಾದ ಕೈಗಳು ಇಲ್ಲಿ ಒಂದೇ ತಿರುವಿನಲ್ಲಿ ಸೇರುತ್ತವೆ.

ಈ ಕೈಗಳಿಲ್ಲದೆ ರಸ್ತೆ ಇಲ್ಲ ಎನ್ನುವುದು 2020ರಲ್ಲಿ ದೇಶಕ್ಕೇ ಕಂಡಿತು. ಲಾಕ್‌ಡೌನಿನಲ್ಲಿ ಲಡಾಖಿನಲ್ಲಿ ಸಿಕ್ಕಿಕೊಂಡಿದ್ದ 60 ಕಾರ್ಮಿಕರನ್ನು ಜಾರ್ಖಂಡ್ ಸರ್ಕಾರ ಮೇ ತಿಂಗಳಲ್ಲಿ ವಿಮಾನದಲ್ಲಿ ಕರೆಸಿಕೊಂಡಿತು. ಜೂನ್ ತಿಂಗಳಲ್ಲಿ, ಕೂಲಿ ಮತ್ತು ಸೌಲಭ್ಯಗಳ ಬಗ್ಗೆ ಬಿಆರ್‌ಒ ಜೊತೆ ಮಾತುಕತೆ ನಡೆದ ಮೇಲೆ, ದುಮ್ಕಾದಿಂದ ಕಾರ್ಮಿಕರ ವಿಶೇಷ ರೈಲು ಹೊರಟಿತು. ಮುಖ್ಯಮಂತ್ರಿ ಹೇಮಂತ್ ಸೊರೇನ್ ತಾವೇ ನಿಂತು ಬೀಳ್ಕೊಟ್ಟರು.

ಈಗ ಈ ಪಾಳಿಗಳ ಲೆಕ್ಕವೇ ಬದಲಾಗುತ್ತಿದೆ. ಶ್ರೀನಗರದ ಕಡೆಯಿಂದ ಲೇಹ್‌ಗೆ ಬರುವ ದಾರಿಯ ಜೋಜಿ ಲಾ ಪಾಸು ಹಿಂದೆ ಸುಮಾರು ಆರು ತಿಂಗಳು ಮುಚ್ಚಿರುತ್ತಿತ್ತು. 2024ರಲ್ಲಿ 35 ದಿನ, 2025ರಲ್ಲಿ 32 ದಿನ ಮಾತ್ರ ಮುಚ್ಚಿತ್ತು. ಅಲ್ಲಿ ಸುರಂಗ ಕೊರೆಯುತ್ತಿದ್ದಾರೆ. ಇತ್ತ ಲಾಹೌಲ್ ಕಡೆಯಿಂದ ಲಡಾಖಿಗೆ ಹೋಗುವ ಶಿಂಕುನ್ ಲಾ ಪಾಸಿನ ಅಡಿಯ ಸುರಂಗದ ಮೊದಲ ಸ್ಫೋಟ 2024ರ ಜುಲೈನಲ್ಲಿ ನಡೆಯಿತು. ಆಸ್ಪತ್ರೆಗೆ, ಸಂತೆಗೆ, ಶಾಲೆಗೆ ಹಿಮ ಕರಗುವುದನ್ನು ಕಾದ ಲಡಾಖಿಗಳಿಗೆ ಇದು ದೊಡ್ಡ ಸಮಾಧಾನ, ಹಾಗೆ ಆಗಲೇಬೇಕು.

ಆದರೆ ವರ್ಷವಿಡೀ ತೆರೆದ ರಸ್ತೆಗೆ ವರ್ಷವಿಡೀ ಆಳು ಬೇಕು. ಆಗ ದುಮ್ಕಾದವರಿಗೆ ಕೊಯ್ಲಿನ ರಜೆ, ಚಳಿ ತಡೆಯುವ ಸೂರು, ಕಾಯಂ ಕೆಲಸದ ಕೂಲಿ ಸಿಗುತ್ತದೆಯೇ? ಸುರಂಗದ ಉದ್ದಗಲ ಗೊತ್ತು ಮಾಡುವವರು ಇದನ್ನೂ ಈಗಲೇ ಗೊತ್ತು ಮಾಡಲಿ. ಸೊಹರಾಯ್‌ಗೆ ಊರಲ್ಲಿರುವ ಹಕ್ಕನ್ನು ಆ ಹಿರಿಯ ಈ ದಾರಿಯ ಮೇಲೆ ದುಡಿದು ಸಂಪಾದಿಸಿದ್ದಾನೆ.